ಚೀನಾಕ್ಕೆ ಹೊರಟು ನಿಪ್ಪಾಣಿ ಮುಟ್ಟಿದ್ದು

ಮೇ ತಿಂಗಳ ಒಂದು ಬೆಳಿಗ್ಗೆ ಆರೂವರೆಗೆ ನಾನು ಮತ್ತು ನನ್ನ ಹೆಂಡತಿ ಕುಸುಮಾ ತೆಲಸಂಗದಲ್ಲಿ ಅಥಣಿ ಬಸ್ಸು ಹತ್ತಿದೆವು. ಹೋಗಬೇಕೆಂದಿದ್ದದ್ದು ಚೀನಾಕ್ಕೆ. ಹೊರಟದ್ದು ಮಾತ್ರ ಕಾಗವಾಡಕ್ಕೆ, ಒಂದು ಹಳೆಯ ವಹಿಪುಸ್ತಕ ಹುಡುಕಲು. ಅರವತ್ತಾರನೆಯ ವಯಸ್ಸಿನಲ್ಲಿ, ಸವೆದ ಮೊಣಕಾಲು ಕಟ್ಟಿಕೊಂಡು, ಇಂಥ ಉರಿಬಿಸಿಲಿನಲ್ಲಿ ಅಲೆಯುವ ಪ್ರಸಂಗ ಬಂದದ್ದು ನನ್ನ ತಪ್ಪಿನಿಂದಲೇ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾವು ದ್ರಾಕ್ಷಿ ಬೆಳೆದು, ಒಣಗಿಸಿ ಮಾರುವವರು. ಚೀನಾದ ತುರ್ಪಾನ್ ಎಂಬಲ್ಲಿ ಮಣ್ಣಿನ ಇಟ್ಟಿಗೆಯಿಂದ ಗೋಡೆಯ ತುಂಬ ಕಿಂಡಿ ಬಿಟ್ಟು ಮನೆ ಕಟ್ಟುತ್ತಾರೆ, ಬರೀ ಗಾಳಿಗೇ ದ್ರಾಕ್ಷಿ ಒಣಗಿಸುತ್ತಾರೆ ಎಂದು ಕೇಳಿದಂದಿನಿಂದ ಅದನ್ನು ಕಣ್ಣಾರೆ ನೋಡುವ ಹುಚ್ಚು ನನಗೆ ಹಿಡಿದಿತ್ತು. ಅಥಣಿಯ ಗೆಳೆಯ ಅಣ್ಣಾಸಾಬ ಹತ್ತು ಜೋಡಿ ಬೆಳೆಗಾರರನ್ನು ಕೂಡಿಸಿ ಎಂಟು ದಿನದ ಪ್ರವಾಸ ಗೊತ್ತುಮಾಡಿದ. ಎಲ್ಲರಿಗೂ ಅದು ಮೊದಲ ವಿದೇಶ. ನಮ್ಮ ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಹೊರಡುವುದು, ಸಂಗಡ ನಮ್ಮದೇ ಅಡಿಗೆಯವನು, ಉಳ್ಳಾಗಡ್ಡಿ ಬಟಾಟಿ ಇಲ್ಲ, ಹೊತ್ತು ಮುಳುಗುವ ಮೊದಲು ಊಟ. ಮಹಾಗೋಡೆಗೆ ಒಂದು ದಿನ ಸಾಕೋ ಎರಡು ಬೇಕೋ ಎಂದು ನಾವು ಅಥಣಿಯ ಚಹಾದಂಗಡಿಯಲ್ಲಿ ಎಷ್ಟು ಜಗಳಾಡಿದ್ದೇವೋ ಲೆಕ್ಕವಿಲ್ಲ. ನಾನು ಇಬ್ಬರ ಹೆಸರೂ ಕೊಟ್ಟು, ಚಿಕ್ಕೋಡಿಗೆ ಹೋಗಿ ಇಬ್ಬರ ಪಾಸ್‌ಪೋರ್ಟೂ ಮಾಡಿಸಿದೆ. ಆಧಾರ್ ಕಾರ್ಡಿನಂತೆ ಇದೂ ಒಂದು ಕಾಗದವಿರಬೇಕೆಂದು ಕುಸುಮಾ ಸುಮ್ಮನೆ ಬಂದು ಫೋಟೊಕ್ಕೆ ಕೂತಿದ್ದಳು. ಬರುತ್ತೀಯಾ ಎಂದು ಅವಳನ್ನು ಕೇಳುವುದು ನನಗೆ ಹೊಳೆದಿರಲಿಲ್ಲ.

ಅಣ್ಣಾಸಾಬ ಪ್ರವಾಸದ ನಕಾಶೆ ಕಳಿಸಿದ ದಿನ ಅದನ್ನು ಅವಳ ಮುಂದೆ ಹರವಿದೆ. ಬಹಳ ಹೊತ್ತು ನೋಡಿ, "ನನ್ನ ದಿಗ್ವ್ರತ ಐತಲ್ರಿ" ಎಂದಳು.

ಇಂತಿಂಥ ದಿಕ್ಕಿಗೆ ಇಂತಿಂಥ ಊರಿನಾಚೆ ಈ ಜನ್ಮದಲ್ಲಿ ಹೆಜ್ಜೆ ಇಡುವುದಿಲ್ಲ ಎಂದು ಮುನಿಗಳ ಮುಂದೆ ತಾವೇ ಗಡಿ ಹಾಕಿಕೊಳ್ಳುವ ವ್ರತ ಅದು. ಇಪ್ಪತ್ತೈದು ವರ್ಷದ ಹಿಂದೆ, ತವರೂರಾದ ಕಾಗವಾಡದಲ್ಲಿ, ಅಲ್ಲಿಯ ಹೆಂಗಸರ ಸಂಗಡ ತೆಗೆದುಕೊಂಡಿದ್ದಳು. ಆಗ ನಾನು ಮಾಲು ಮಾರಲು ದಿಲ್ಲಿಗೆ ಹೋಗಿದ್ದೆ. ಬಂದ ಮೇಲೆ ಹೇಳಿದ್ದಳಂತೆ, ನನ್ನ ಕಿವಿಗೆ ಬಿದ್ದಿರಲಿಲ್ಲ. ಉತ್ತರದ ಗಡಿ ಯಾವುದು ಎಂದು ಕೇಳಿದೆ. ಅದೊಂದು ಸರಿಯಾಗಿ ನೆನಪಿಲ್ಲ, ಕಾಗವಾಡದ ಚಂಪಕ್ಕನ ವಹಿಯಲ್ಲಿ ಎಲ್ಲ ಬರೆದಿದೆ ಎಂದಳು. ಉಳಿದ ಮೂರು ದಿಕ್ಕನ್ನು ನಾನು ಕೇಳಲಿಲ್ಲ. ಚೀನಾ ಇರುವುದು ಉತ್ತರಕ್ಕೆ, ನನಗೆ ಬೇಕಾದದ್ದು ಅಷ್ಟೇ. ವ್ರತ ಕೊಟ್ಟ ಮುನಿಗಳು ಈಗಿಲ್ಲ, ಚಂಪಕ್ಕನಿಗೆ ಫೋನಿನಲ್ಲಿ ಕಿವಿ ಕೇಳುವುದಿಲ್ಲ. ಹೋಗದೆ ಗತಿ ಇರಲಿಲ್ಲ.

ಅಥಣಿಯಲ್ಲಿ ಇಳಿದು ಕಾಗವಾಡದ ಬಸ್ಸಿಗೆ ಒಂದು ತಾಸು ಕಾದೆವು. ಕಂಡಕ್ಟರ್ ಅವಳಿಗೆ ಪುಕ್ಕಟೆ ಚೀಟಿ ಹರಿದುಕೊಟ್ಟು ನನ್ನ ಕಡೆ ಕೈ ಚಾಚಿದ. ಅಂಥ ಗದ್ದಲದಲ್ಲೂ ಅವಳಿಗೆ ಕಿಟಕಿ ಸಿಕ್ಕಿತು, ನನಗೆ ಹಿಂದಿನ ಗಾಲಿಯ ಮೇಲಿನ ಸೀಟು. ಹತ್ತು ಗಂಟೆಗೇ ಬಿಸಿಲು ಮುಖ ಸುಡುತ್ತಿತ್ತು. ಮೂವತ್ತು ಚಿಲ್ಲರೆ ಕಿಲೋಮೀಟರಿನ ದಾರಿಯುದ್ದಕ್ಕೂ ಮೊಣಕಾಲು ನನ್ನನ್ನು ಬೈಯುತ್ತಲೇ ಇತ್ತು.

ಚಂಪಕ್ಕನಿಗೆ ಎಂಬತ್ತು ದಾಟಿದೆ. ಊರಿನ ಹೆಂಗಸರ ವ್ರತ, ನೇಮ, ಉಪವಾಸ ಎಲ್ಲವನ್ನೂ ಬರೆದಿಡುತ್ತಿದ್ದವಳು ಅವಳು. ಪಡಸಾಲೆಯಲ್ಲಿ ನಮ್ಮನ್ನು ಕೂರಿಸಿ ಕಾಸಿ ಆರಿಸಿದ ನೀರು ಕೊಟ್ಟಳು. ವ್ರತದಲ್ಲಿ ಮೇಲೆ ಕೆಳಗೆ ಎಂಬ ದಿಕ್ಕುಗಳಿಗೂ ಗಡಿ ಇರುತ್ತದೆಂದು ನಾನು ಕೇಳಿದ್ದೆ. ಹಾಗಾದರೆ ವಿಮಾನದ ಗತಿ ಏನು ಎಂಬ ನನ್ನ ದೊಡ್ಡ ಚಿಂತೆಯನ್ನು ಅವಳ ಕಿವಿಯ ಹತ್ತಿರ ಹೋಗಿ ಒದರಿದೆ. ಹೆಂಗಸರಿಗೆ ನಾಲ್ಕು ದಿಕ್ಕು ಸಾಕೆಂದು ಮುನಿ ಮಹಾರಾಜರು ಹೇಳಿದ್ದರಂತೆ. ಒಂದು ತೊಡಕು ಬಿಟ್ಟಿತು ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಂತು. ಮನೆ ಹೊಸದಾಗಿ ಕಟ್ಟಿಸುವಾಗ ವಹಿಗಳ ಟ್ರಂಕನ್ನು ಅವಳ ಮಗಳು ತ್ರಿಶಲಾ ನಿಪ್ಪಾಣಿಗೆ ಒಯ್ದಿದ್ದಳು.

ತ್ರಿಶಲಾಗೆ ಫೋನ್ ಮಾಡಿದೆ. ವಹಿ ಇದೆ, ಟ್ರಂಕು ಅಟ್ಟದಿಂದ ಇಳಿಸಿ ಹುಡುಕುತ್ತೇನೆ ಎಂದಳು. ಸಿಕ್ಕಿದ ಮೇಲೆ ಒಂದು ಫೋಟೊ ಕಳಿಸಿಬಿಡು ಎಂದು ನಾನು ಹೇಳುತ್ತಿರುವಾಗಲೇ ಕುಸುಮಾ ಚಪ್ಪಲಿ ಮೆಟ್ಟಿ ನಿಂತಿದ್ದಳು.

"ವ್ರತದ ವಹಿ ಮೊಬೈಲಿನ್ಯಾಗ ನೋಡೂದೇನ್ರಿ? ನಡೀರಿ, ಹೋಗೂಣು."

ಉಗಾರ ಮೇಲೆ ಹಾಯ್ದು, ಕುಡಚಿಯ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿ ರಾಯಬಾಗ ಮುಟ್ಟಿದಾಗ ಮೂರು ಹೊಡೆದಿತ್ತು. ಹೊಳೆಯಲ್ಲಿ ನೀರು ಬತ್ತಿ ಬಂಡೆಗಳು ಕಾಣುತ್ತಿದ್ದವು. ರಾಯಬಾಗದಲ್ಲಿ ನಾನು ಎರಡು ಕಪ್ ಚಹಾ ಕುಡಿದೆ, ಅವಳು ಬಾಟಲಿಯ ನೀರಿನಿಂದ ಮುಖ ತೊಳೆದುಕೊಂಡಳು. ಬಸ್ಸು ತಡವೆಂದು ತಿಳಿದು ಒಂದು ಟೆಂಪೊ ಹತ್ತಿದೆವು. ಅದು ಕಬ್ಬಿನ ಹೊಲಗಳ ನಡುವೆ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳುತ್ತ, ಇಳಿಸುತ್ತ, ತನ್ನ ಲಹರಿಯಲ್ಲಿ ಸಾಗಿತು. ನಮ್ಮನ್ನು ಚಿಕ್ಕೋಡಿಗೆ ಮುಟ್ಟಿಸುವ ಅವಸರ ಅದಕ್ಕೇನೂ ಇರಲಿಲ್ಲ. ಆ ಕುಲುಕಾಟದಲ್ಲಿ, ಚೀನಾ ಹಾಳಾಗಲಿ, ಮನೆಗೆ ಹೋಗಿ ಬಿದ್ದುಕೊಂಡರೆ ಸಾಕು ಎಂದು ನನಗೆ ಮೊದಲ ಸಲ ಅನ್ನಿಸಿತು.

ಚಿಕ್ಕೋಡಿಯಲ್ಲಿ ಇಳಿದಾಗ ಹೊತ್ತು ಮುಳುಗಲು ಸ್ವಲ್ಪವೇ ಉಳಿದಿತ್ತು. ಕುಸುಮಾ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹೆಸರುಕಾಳಿನ ಪಲ್ಯ. ಎರಡನೆಯ ರೊಟ್ಟಿ ಮುರಿದು ನಾಲ್ಕು ತುತ್ತು ತಿಂದಿರಬಹುದು, ತಲೆ ಎತ್ತಿ ಪಶ್ಚಿಮದ ಕಡೆ ನೋಡಿದಳು, ಹೊತ್ತು ಮುಳುಗಿತ್ತು. ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಬೆಳಗಿನಿಂದ ಹೊಟ್ಟೆಗೆ ಬೇರೇನೂ ಇಲ್ಲ, ಇನ್ನೂ ಬೆಳಕಿದೆ, ಎರಡು ನಿಮಿಷಕ್ಕೆ ಏನಾಗುತ್ತದೆ, ಯಾರು ನೋಡುತ್ತಾರೆ ಎಂದು ನಾನು ಒತ್ತಾಯ ಮಾಡಿದೆ.

"ನಾ ನೋಡಾಕತ್ತೀನಲ್ರಿ" ಎಂದಳು.

ಅದರಲ್ಲಿ ಸಿಟ್ಟಿರಲಿಲ್ಲ. ವಹಿಯಲ್ಲಿ ಏನು ಬರೆದಿದೆಯೋ ಅದೇ ಕೊನೆಯ ಮಾತು, ಇವಳ ಹತ್ತಿರ ನನ್ನ ವಕೀಲಿ ನಡೆಯುವುದಿಲ್ಲ ಎಂದು ನನಗೆ ಅಲ್ಲಿಯೇ ಖಾತ್ರಿಯಾಯಿತು. ಅವಳೆದುರಿಗೆ ವಡಾಪಾವ್ ತಿನ್ನಲು ನಾಚಿಕೆಯಾಗಿ ಗೂಡಂಗಡಿಯ ಹಿಂದೆ ಹೋಗಿ ತಿಂದು ಬಂದೆ. ಕತ್ತಲಾದ ಮೇಲೆ ನಿಪ್ಪಾಣಿಯ ಬಸ್ಸು ಹತ್ತಿದೆವು.

ತ್ರಿಶಲಾ ಬಿಸಿನೀರು ಕಾಸಿಟ್ಟಿದ್ದಳು. ಸ್ನಾನ ಮಾಡಿ ಮಲಗಿದ್ದೊಂದೇ ನೆನಪು. ಬೆಳಿಗ್ಗೆ ಬಸದಿಗೆ ಹೋಗಿ ಬಂದ ಮೇಲೆ ಅವಳು ಕೆಂಪು ರಟ್ಟಿನ ಉದ್ದನೆಯ ವಹಿ ತಂದು ಜಮಖಾನೆಯ ಮೇಲಿಟ್ಟಳು. ಕುಸುಮಾ ವಹಿಗೆ ಕೈಮುಗಿದು, ಮೊದಲ ಕೆಲವು ಪುಟ ತಿರುವಿ, ತನ್ನ ಹೆಸರು ಕಂಡಲ್ಲಿ ಬೆರಳಿಟ್ಟಳು. ಕೆಳಗಿನ ಸಣ್ಣ ಅಕ್ಷರಕ್ಕೆ ಕನ್ನಡಕ ತಂದಿರಲಿಲ್ಲವಾದ್ದರಿಂದ ತ್ರಿಶಲಾ ಓದಿದಳು.

"ಪೂರ್ವಕ್ಕ ಸಮ್ಮೇದ ಶಿಖರಜಿ. ದಕ್ಷಿಣಕ್ಕ ಶ್ರವಣಬೆಳಗೊಳ. ಪಶ್ಚಿಮಕ್ಕ ಗಿರನಾರ. ಉತ್ತರಕ್ಕ ಹಸ್ತಿನಾಪುರ."

ನಾಲ್ಕೂ ನಮ್ಮ ದೊಡ್ಡ ತೀರ್ಥಗಳು. ಹಸ್ತಿನಾಪುರ ದಿಲ್ಲಿಯಿಂದ ಮೂರು ನಾಲ್ಕು ತಾಸಿನ ದಾರಿ. ಅಲ್ಲಿಗೆ ನನ್ನ ಚೀನಾ ಮುಗಿಯಿತು. ಉಸ್ಸೆಂದು ಗೋಡೆಗೆ ಒರಗಿದೆ. ನಿಜ ಹೇಳಬೇಕೆಂದರೆ ಅರ್ಧ ಬೇಸರ, ಅರ್ಧ ನಿರಾಳ. ಅಷ್ಟರಲ್ಲಿ ತ್ರಿಶಲಾ ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಮಾತಿಗೆ ಮಾತೆಂಬಂತೆ ಕೇಳಿದಳು.

"ಇದರಾಗ ಯಾವ್ಯಾವು ಆಗ್ಯಾವ್ರಿ ಮಾವಶಿ?"

ಕುಸುಮಾ ವಹಿಯಿಂದ ತಲೆ ಎತ್ತಲಿಲ್ಲ. "ಕುಂಭೋಜ ಆಗೇತಿ" ಎಂದಳು.

ಕುಂಭೋಜವೂ ತೀರ್ಥವೇ, ಕೊಲ್ಲಾಪುರದ ಹತ್ತಿರ. ನಮ್ಮ ಕಡೆಯವರು ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೋಗಿ ಸಂಜೆ ಬರುವ ಜಾಗ. ಅದು ಆ ನಾಲ್ಕು ಊರುಗಳಲ್ಲಿ ಇರಲೇ ಇಲ್ಲ. ತ್ರಿಶಲಾ ನನ್ನ ಮುಖ ನೋಡಿ, ಅವಲಕ್ಕಿ ಕಲಸುತ್ತೇನೆಂದು ಒಳಗೆ ಹೋದಳು.

ನಾನು ಹೊರಗಿನ ಕಟ್ಟೆಗೆ ಬಂದು ಕೂತೆ. ಒಣದ್ರಾಕ್ಷಿ ಮಾರಲು ದಿಲ್ಲಿಗೆ ಎಷ್ಟು ಸಲ ಹೋದೆನೋ, ಹಸ್ತಿನಾಪುರಕ್ಕೆ ಒಮ್ಮೆಯೂ ಬಸ್ಸು ಹತ್ತಲಿಲ್ಲ. ದಿಲ್ಲಿಯಿಂದ ಕೋಲ್ಕತ್ತಕ್ಕೆ ಹೋಗುವ ರೈಲು ಪಾರಸನಾಥ ಸ್ಟೇಷನ್ನಿನಲ್ಲಿ ನಿಂತಾಗ, ಕಿಟಕಿಯಿಂದ ಶಿಖರಜಿಯ ಬೆಟ್ಟಕ್ಕೆ ಕೈಮುಗಿದು ಚಹಾ ಕುಡಿದಿದ್ದೇನೆ. ಆ ವರ್ಷಗಳಲ್ಲೆಲ್ಲ ಇವಳು ನಮ್ಮ ಶೆಡ್ಡಿನಲ್ಲಿ ಕೂತು ಒಣದ್ರಾಕ್ಷಿಯ ಕಾಳು ಆರಿಸುತ್ತಿದ್ದಳು. ಮಾಲು ಬಿಟ್ಟು ಬರಲಾಗುವುದಿಲ್ಲವೆಂದು ನಾನೇ ಹೇಳುತ್ತಿದ್ದೆ. ಇದನ್ನೆಲ್ಲ ನೆನೆದು ನನಗೆ ಬಹಳ ಕೆಡುಕೆನಿಸಿತು.

ಅಲ್ಲಿಂದಲೇ ಅಣ್ಣಾಸಾಬನಿಗೆ ಫೋನ್ ಮಾಡಿ ಇಬ್ಬರ ಹೆಸರೂ ತೆಗೆಯಲು ಹೇಳಿದೆ. ವೈನಿಗೆ ಆರಾಮಿಲ್ಲವೇನು ಎಂದು ಗಾಬರಿಯಾದ. ಆರಾಮ ಇದ್ದಾಳೆ ಎಂದೆ. ನೀನೊಬ್ಬನೇ ಬಾ, ತುರ್ಪಾನ್ ನೋಡುವ ಹುಚ್ಚು ನಿನ್ನದೇ ಅಲ್ಲವೇ ಎಂದ. ಒಲ್ಲೆ ಎಂದು ಫೋನ್ ಇಟ್ಟೆ.

ಹತ್ತರ ಬಸ್ಸಿಗೆ ನಿಪ್ಪಾಣಿ ಬಿಟ್ಟೆವು. ತಂಬಾಕಿನ ಗೋದಾಮುಗಳ ವಾಸನೆ ಊರು ದಾಟುವತನಕ ಸಂಗಡ ಬಂತು. ಕುಸುಮಾ ಕಿಟಕಿಗೆ ತಲೆ ಆನಿಸಿದ್ದಳು. ಮಲಗಿದ್ದಾಳೆಂದುಕೊಂಡೆ, ಮಲಗಿರಲಿಲ್ಲ. ಯಾವ ದಿಕ್ಕಿಗೆ ಮೊದಲು ಹೋಗೋಣ ಹೇಳು, ಈ ವರ್ಷವೇ ಹೋಗೋಣ ಎಂದೆ. ಅವಳು ತನ್ನ ಮೊಣಕಾಲು ನೀವಿಕೊಂಡಳು. ಅವಳ ಮೊಣಕಾಲೂ ಈಗ ನನ್ನದರಂತೆಯೇ ಆಗಿದೆ, ಶಿಖರಜಿಯದು ದಿನವಿಡೀ ಹತ್ತಿ ಇಳಿಯುವ ಬೆಟ್ಟ. ಅಂದು ಆ ನಾಲ್ಕು ಊರನ್ನೇ ಯಾಕೆ ಬರೆಸಿದೆ ಎಂದು ಕೇಳಿದೆ.

"ಆಶಾ ಕಡಿಮಿ ಮಾಡ್ಕೊಳ್ಳಾಕ ಗಡಿ ಹಾಕೂದ್ರಿ ಅದು. ಇಷ್ಟ ಸಾಕು ಅಂತ ಬರಿಸಿದ್ನಿ" ಎಂದಳು. ಮತ್ತೆ ಕಿಟಕಿಯ ಕಡೆ ತಿರುಗಿ, "ಭಾಳ ದೊಡ್ಡದ ಬರಿಸಿದ್ನೇನೋ" ಎಂದಳು.