ಹೊಂಡದವರೆಗಿನ ದಾರಿ

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಅವ್ವನ ಮೂತ್ರಪಿಂಡಗಳು ಸೋಲತೊಡಗಿದವು. ಪಾದಗಳು ಊದಿಕೊಳ್ಳುತ್ತಿದ್ದವು, ಬಾಯಿಗೆ ರುಚಿಯಿರಲಿಲ್ಲ. ಆದರೆ ನಮ್ಮನ್ನು ಹೆಚ್ಚು ಹೆದರಿಸಿದ್ದು ಅವಳ ಮರೆವು. ಸಂತೇಬೆನ್ನೂರಿನ ನಮ್ಮ ಬೀದಿಯಲ್ಲಿ ಯಾವ ಮನೆಯ ಹೆಣ್ಣನ್ನು ಯಾವ ಊರಿಗೆ ಕೊಟ್ಟಿದ್ದಾರೆ ಎಂಬುದಕ್ಕೆ ಅವಳ ಮಾತೇ ಕೊನೆಯ ಮಾತಾಗಿತ್ತು. ಅಂಥವಳು ಒಲೆಯ ಮುಂದೆ ಬಂದು, ಯಾಕೆ ಬಂದೆನೆಂದು ತಿಳಿಯದೆ ನಿಂತುಬಿಡುತ್ತಿದ್ದಳು.

ಚನ್ನಗಿರಿಯ ವೈದ್ಯರು ಉಪ್ಪು ಕಡಿಮೆ ಮಾಡಲು ಹೇಳಿ, ಗುಳಿಗೆ ಬರೆದುಕೊಟ್ಟು, "ಮಂಚಕ್ಕೆ ಕಟ್ಟಿಹಾಕಬೇಡ್ರಿ. ಆಗುವಷ್ಟು ನಿಧಾನಕ್ಕೆ ನಡೆಸ್ರಿ. ಕಾಯಿಲೆ ವಾಸಿ ಆಗಲ್ಲ, ಆದ್ರೆ ಇರೋಷ್ಟು ದಿನ ಅವರು ಅವರಾಗೇ ಇರಲಿ" ಎಂದರು.

ಅದನ್ನು ವ್ರತದಂತೆ ಹಿಡಿದವಳು ನನ್ನ ಹೆಂಡತಿ. ಬಿಸಿಲು ತಣಿದ ಮೇಲೆ ಅವ್ವನ ರಟ್ಟೆ ಹಿಡಿದು ಬೀದಿಯ ಕೊನೆಗಿದ್ದ ಹಳೆಯ ಪುಷ್ಕರಣಿ, ನಮ್ಮೂರವರ ಬಾಯಲ್ಲಿ ಹೊಂಡ, ಅಲ್ಲಿಯವರೆಗೆ ಕರೆದೊಯ್ಯುತ್ತಿದ್ದಳು. ಮೆಟ್ಟಿಲ ಮೇಲೆ ತುಸು ಕೂತು ಮರಳುವುದು. ಒಂದೊಂದು ಬಾಗಿಲು ದಾಟುವಾಗಲೂ ಅವ್ವನಿಗೆ ಮಾತು ಬರುತ್ತಿತ್ತು.

"ಈ ಮನಿ ದೊಡ್ಡ ಹುಡುಗಿನ ಹೊನ್ನಾಳಿಗೆ ಕೊಟ್ಟಾರೆ. ಆಕಿ ಗಂಡ ಊಟಕ್ಕೆ ಕುಂತ್ರೆ ಏಳಾಕೇ ಮರಿತಾನೆ."

"ನನ್ನ ಎಲ್ಲಿಂದ ತಂದ್ರಿ ಅತ್ತೆ?"

"ನ್ಯಾಮತಿಯಿಂದ. ಹೆಣ್ಣು ನೋಡಾಕೆ ಬಂದಾಗ ಉಪ್ಪಿಟ್ಟಿಗೆ ಉಪ್ಪೇ ಹಾಕಿರಲಿಲ್ಲ ನೀನು. ಆವಾಗ್ಲೇ ನನ್ನ ಪಥ್ಯಕ್ಕೆ ತಯಾರಾಗಿದ್ದೆ ನೋಡು!"

ನಡೆದ ದಿನಗಳಲ್ಲಿ ಮಲಗುವವರೆಗೂ ಅವಳ ಮಾತು ತಿಳಿಯಾಗಿರುತ್ತಿತ್ತು. ಮಳೆ ಹಿಡಿದು ಮನೆಯಲ್ಲೇ ಉಳಿದ ದಿನ ಮತ್ತೆ ಮಂಕು ಕವಿಯುತ್ತಿತ್ತು.

ಹೀಗಿರುವಾಗ ಜಗಳೂರಿನಿಂದ ನನ್ನ ಸೋದರತ್ತೆ ಬಂದರು. ಬಸ್ಸಿಳಿದವರಿಗೆ ಮೊದಲು ಕಂಡದ್ದೇ ಬೀದಿಯಲ್ಲಿ ಕಾಲೆಳೆಯುತ್ತಿದ್ದ ತಮ್ಮ ಅತ್ತಿಗೆ. ಜಗಲಿಯ ಮೇಲೆ ಕೂತು, ಆಚೀಚೆ ಮನೆಗಳಿಗೆ ಕೇಳುವಂತೆ ಶುರು ಮಾಡಿದರು:

"ಮನ್ಯಾಗೆ ಒಂದು ಮಂಚ ಇಲ್ವೇನಪ್ಪಾ? ರೋಗದಾಕಿನ ಹಿಂಗೆ ಬೀದಿ ಸುತ್ತಿಸಾಕೆ ನಿನ್ನ ಹೆಂಡ್ತಿಗೆ ಯಾರು ಹೇಳಿದ್ರು?"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದನ್ನೆಲ್ಲ ನಾನು ಹೂಡಿದೆ. ವೈದ್ಯರ ಮಾತನ್ನು ಮುಂದಿಟ್ಟೆ. ದೇಹವನ್ನು ಮಲಗಿಸಿ ಬುದ್ಧಿಯನ್ನು ಎಚ್ಚರವಾಗಿಡಲು ಸಾಧ್ಯವಿಲ್ಲವೆಂದು, ರೋಗಿಯ ಮೇಲಿನ ಅಂಧ ಕರುಣೆಯೂ ಒಂದು ಮೂಢನಂಬಿಕೆಯೆಂದು ವಾದಿಸಿದೆ.

"ನಿನ್ನ ಭಾಷಣ ಚೆನ್ನಾಗೈತೆ, ನೀನೇ ಗೆದ್ದಿ. ನಾಳೆ ಈ ಊರು ಏನಂತೈತೆ ಹೇಳು. ಸೊಸಿ ಅನ್ನೋಳು ಸಾಯೋ ಅತ್ತೆನ ಬೀದಿಗೆ ಅಟ್ಟಿದ್ಲು ಅಂತೈತೆ."

ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ನನ್ನ ಹೆಂಡತಿ ತಲೆ ತಗ್ಗಿಸಿದಳು. ಅವ್ವ ಅವಳನ್ನೇ ನೋಡುತ್ತಿದ್ದಳು.

ಮರುದಿನ ಸಂಜೆ ಹೆಂಡತಿ ಚಪ್ಪಲಿ ತಂದಿಟ್ಟರೂ ಅವ್ವ ಏಳಲಿಲ್ಲ. ಕಾಲು ನೋವೆಂದಳು. ಆ ದಿನ ಪಾದಗಳಲ್ಲಿ ಊತವಿರಲಿಲ್ಲ. ನಾನೊಬ್ಬನೇ ಬಳಿ ಕೂತು ಒತ್ತಾಯಿಸಿದಾಗ ದನಿ ತಗ್ಗಿಸಿ ಹೇಳಿದಳು:

"ನಾನು ಇವತ್ತಲ್ಲ ನಾಳೆ ಹೋಗಾಕಿ. ಆಕಿ ಇದೇ ಬೀದ್ಯಾಗೆ ಇನ್ನೂ ಬಾಳಬೇಕಲ್ಲೋ. ಮಂದಿ ಮಾತು ನನ್ನ ಜತಿ ಮಣ್ಣಿಗೆ ಹೋಗಲ್ಲ."

ಹೆಂಡತಿ ತಂದಿಟ್ಟಿದ್ದ ಚಪ್ಪಲಿಗಳನ್ನು ನಾನೇ ಎತ್ತಿ ಮೂಲೆಗಿಟ್ಟೆ.

ಎಷ್ಟು ಬೇಡಿಕೊಂಡರೂ ಅವ್ವ ಮತ್ತೆ ಹೊಂಡದ ಕಡೆ ನಡೆಯಲಿಲ್ಲ. ನೋಡಲು ಬಂದವರು, "ಎಂಥ ಸೊಸಿನಪ್ಪಾ, ಅತ್ತೆನ ನೆಲಕ್ಕೆ ಕಾಲಿಡಾಕೂ ಬಿಡಲ್ಲ" ಎಂದು ಹೊಗಳಿ ಹೋಗುತ್ತಿದ್ದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಹೆಂಡತಿ ಹಿತ್ತಿಲಿಗೆ ಹೋಗಿ ಅಳುತ್ತಿದ್ದಳು. ಮಲಗಿದಲ್ಲೇ ಅವ್ವ ಮೊದಲು ಹೊಂಡದ ಬಳಿಯ ಮನೆಗಳನ್ನು ಮರೆತಳು, ಆಮೇಲೆ ನಡುಬೀದಿಯವನ್ನು, ಕೊನೆಗೆ ಎದುರು ಮನೆಯನ್ನೂ. ರೋಗವೇ ಅವಳ ಬುದ್ಧಿಯನ್ನು ಮಸುಕಾಗಿಸಿತೋ, ಆ ಮಂಚವೋ, ತೀರ್ಪು ಕೊಡಲು ನಾನು ಅರ್ಹನಲ್ಲ. ನಡೆದಿದ್ದರೆ ಇನ್ನಷ್ಟು ಕಾಲ ಅವಳು ನಮ್ಮ ಅವ್ವನಾಗಿಯೇ ಇರುತ್ತಿದ್ದಳೆಂದು ಮಾತ್ರ ಇಂದಿಗೂ ನಂಬಿದ್ದೇನೆ.

ಒಂದು ಸಂಜೆ ಹೆಂಡತಿ ಗಂಜಿ ಕುಡಿಸುತ್ತಿದ್ದಳು. ಅವ್ವ ಅವಳ ಮುಖವನ್ನೇ ದಿಟ್ಟಿಸಿ ಕೇಳಿದಳು: "ನಿನ್ನ ಯಾವೂರಿಂದ ತಂದಾರವ್ವ?"

"ನ್ಯಾಮತಿಯಿಂದ, ಅತ್ತೆ."

"ದೂರ ಆತು. ಇಲ್ಲಿ ಯಾರೂ ನಿನ್ನ ಏನೂ ಅನ್ನಲ್ಲ ತಾನೆ?"

"ಯಾರೂ ಅನ್ನಲ್ಲ, ಅತ್ತೆ."

ಅವ್ವ ಸಮಾಧಾನದಿಂದ ಬಾಯಿ ತೆರೆದಳು. ಹೆಂಡತಿ ಮತ್ತೊಂದು ಚಮಚ ಗಂಜಿ ಕುಡಿಸಿದಳು.