ಬಿಳಿ ಶಂಖಪುಷ್ಪದ ತಿಪ್ಪೇಸ್ವಾಮಣ್ಣ

ತಿಪ್ಪೇಸ್ವಾಮಣ್ಣನ ಬಳ್ಳಿಯಲ್ಲಿ ಕೆಲವು ಹೂಗಳು ಅಂಗಿ ತೊಟ್ಟಿರುತ್ತಿದ್ದವು. ತೀರಿಕೊಂಡ ಹೆಂಡತಿಯ ಹಳೇ ವಾಯಿಲ್ ಸೀರೆ ಹರಿದು, ಹೆಬ್ಬೆರಳಿನಷ್ಟು ಚೀಲ ಹೊಲಿದು, ಬೀಜಕ್ಕೆ ಬಿಡುವ ಮೊಗ್ಗಿಗೆಲ್ಲ ಅವರೇ ಕಟ್ಟುತ್ತಿದ್ದರು.

ರಾಯದುರ್ಗದಲ್ಲಿ ನಮ್ಮ ಪಕ್ಕದ ಮನೆ ಅವರದು. ಭೈರವಾನಿತಿಪ್ಪದ ಕಾಲುವೆಗೆ ನೀರು ಬಿಡುವ ಕೆಲಸದಲ್ಲಿದ್ದವರು. ನೀರಿಗೆ ಗೇಟು ಹಾಕಿ ಹಾಕಿ, ನಿವೃತ್ತಿಯಾದ ಮೇಲೆ ದುಂಬಿಗೂ ಹಾಕಿದರು. ಅವರದು ಬಿಳಿ ಶಂಖಪುಷ್ಪ. ಗೋಡೆಯ ಈಚೆ ನನ್ನದು ನೀಲಿ. ನನ್ನ ಹೂವಿನ ದುಂಬಿ ಅವರ ಹೂವಿನ ಮೇಲೆ ಕೂತರೆ ಬೀಜ ಕೆಟ್ಟು, ಮುಂದಿನ ಬಳ್ಳಿ ನೀಲಿಯಾಗುತ್ತದೆಂದು ಅವರ ಹೆದರಿಕೆ.

"ದುಂಬಿ ಕಾಲುವಿ ನೀರು ಇದ್ದಂಗ್ರಿ ಅಕ್ಕಾರ. ಒಮ್ಮಿ ಬಿಟ್ಟಮ್ಯಾಲ ಹಿಂದಕ್ಕ ಕರಿಯಾಕ ಆಗಂಗಿಲ್ಲ."

ಮೂಲ ಬೀಜ ಹೆಂಡತಿ ಮಡಕಶಿರದ ತವರಿನಿಂದ ಸೆರಗಿಗೆ ಗಂಟು ಹಾಕಿ ತಂದದ್ದು. ಆಕೆ ಊರಿದ ಬಳ್ಳಿ ಪ್ರತಿ ಬೇಸಿಗೆಯಲ್ಲಿ ಸತ್ತಂತೆ ನಟಿಸಿ, ಒಂದು ಮಳೆಗೆ ಬೇರಿನಿಂದ ಚಿಗುರುತ್ತಿತ್ತು. ಹೋದ ವರ್ಷ ನಟಿಸಲಿಲ್ಲ, ನಿಜವಾಗಿಯೇ ಸತ್ತಿತು. ಅಣ್ಣ ಅದರ ಬೀಜ ಊರಿದರು. ಒಂದೇ ಬಳ್ಳಿ ಎದ್ದಿತು. ನೀಲಿ ಹೂ ಬಿಟ್ಟರೆ ಬೇರುಸಮೇತ ಕೀಳುವುದೆಂದು ಮೊದಲೇ ತೀರ್ಪು ಕೊಟ್ಟಿದ್ದರು. ಮೊಗ್ಗು ಕಂಡ ದಿನದಿಂದ ಹಲ್ಲುಜ್ಜುವ ಮೊದಲೇ ಬಗ್ಗಿ ನೋಡುವರು.

ಮುದುಕಿಯಾದರೂ ನನಗೆ ಕೀಟಲೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಅವರಿಗಿಂತ ಮುಂಚೆ ಎದ್ದು, ಗೋಡೆಯ ಮೇಲಿಂದ ಕೈಚಾಚಿ, ನನ್ನದೊಂದು ನೀಲಿ ಹೂ ಅವರ ಬಳ್ಳಿಗೆ ಸಿಗಿಸಿದೆ. ಕೂಗಾಡುತ್ತಾರೆ, ನಗೋಣ ಎಂದು ಒಳಗೆ ಬಂದು ಚಹಕ್ಕಿಟ್ಟೆ. ಕೂಗೇ ಬರಲಿಲ್ಲ. ಹೋಗಿ ನೋಡಿದರೆ ಬಳ್ಳಿ ಅಂಗಳದಲ್ಲಿ ಬಿದ್ದಿತ್ತು. ಅಣ್ಣ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು.

ಮಾಡಿದ್ದನ್ನು ಹೇಳಿದೆ. ಅಣ್ಣ ಡಬ್ಬಿಯಲ್ಲಿ ಉಳಿದಿದ್ದ ನಾಲ್ಕೇ ಬೀಜವನ್ನು ಸಿಪ್ಪೆ ಸವೆಯಲೆಂದು ಕಲ್ಲಿಗೆ ತಿಕ್ಕಿ, ನೆನೆಹಾಕಿ, ಮರುದಿನ ತಂದು ನನ್ನ ಅಂಗೈಗೆ ಇಟ್ಟರು.

"ನಿಮ್ಮ ನೀಲಿ ಕಿತ್ತು ಅಲ್ಲೇ ಊರ್ರಿ. ಕೆಡಿಸಿದೋರೇ ಕಾಯ್ಬೇಕು."

ನೀಲಿ ಕಿತ್ತೆ. ನಾಲ್ಕರಲ್ಲಿ ಒಂದು ಮೊಳೆಯಿತು. ಬಾಣಂತಿಯನ್ನೂ ನಾನು ಅಷ್ಟು ಕಾದಿಲ್ಲ. ಮೊದಲ ಹೂ ಅರಳಿದ ಬೆಳಿಗ್ಗೆಯೇ ಅಣ್ಣನನ್ನು ಬಳ್ಳಾರಿ ಆಸ್ಪತ್ರೆಗೆ ಕರೆದೊಯ್ಯಲು ಅವರ ಮಗಳು ಕಾರು ತಂದಿದ್ದಳು, ಉಸಿರಾಟದ ತೊಂದರೆ. ಬಿಳಿ ಹೂ ಬಂದಿದೆ ಎಂದೆ. ಮಗಳ ಭುಜ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಹೂವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿದರು. ಕೈಗೆ ಬರಲಿಲ್ಲ. ಇನ್ನೊಮ್ಮೆ ಜಗ್ಗಿದರು.

"ಬಳ್ಳೀದ ಐತವ್ವ," ಎಂದು ಮಗಳಿಗೆ ಹೇಳಿದರು. "ಈ ಸಲ ಮುದುಕಿ ಸಿಗಿಸಿಲ್ಲ."

ಬಳ್ಳಾರಿಯಿಂದ ಅವರು ತಿರುಗಿ ಬರಲಿಲ್ಲ. ಅವರು ಜಗ್ಗಿದ ಆ ಹೂವೇ ಕಾಯಿ ಕಟ್ಟಿತು.