ಎಕ್ಸ್‌ಚೇಂಜ್ ಅಕ್ಕನ ಬೇಸ್

ಧುಂ... ಧುಮುಧುಂ... ಧುಂ. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೈಗೆತ್ತಿಕೊಂಡರೆ ಈಗಲೂ ಆ ಸದ್ದು ನೆನಪಿಗೆ ಬರುತ್ತದೆ. ಸದ್ದಿನ ಜೊತೆಗೇ ಒಂದು ಅಂಗೈ. ಗಂಡಸರ ಕೈಯಷ್ಟು ಅಗಲ, ವಾಚನ್ನು ಒಳಮುಖವಾಗಿ ಕಟ್ಟಿದ ಮಣಿಕಟ್ಟು, ತುದಿ ಚಪ್ಪಟೆಯಾದ ತೋರುಬೆರಳು. ಬಾಗಿಲು ತೆಗೆದ ನನಗೆ ಒಂದು ನಮಸ್ಕಾರವನ್ನೂ ಹೇಳದೆ ಒಳಗೆ ಬಂದವರು ಆ ಅಂಗೈಯನ್ನು ನನ್ನ ಹಾಲ್‌ನ ಗೋಡೆಗೆ ಒತ್ತಿ, ಡಾಕ್ಟರು ಎದೆ ಪರೀಕ್ಷಿಸುವ ಹಾಗೆ ನಿಂತರು.

"ಇಲ್ಲೂ ಬರಾಕತ್ತೈತಿ," ಅಂದರು. "ನಿಮ್ಮ ಗ್ವಾಡೀನೂ ಅವರ ಪಾರ್ಟಿನ."

ನಮ್ಮದು ಹೂಡಿಯ ಒಳರಸ್ತೆಯಲ್ಲಿರುವ ಸಣ್ಣ ಅಪಾರ್ಟ್‌ಮೆಂಟ್. ಸುತ್ತಲಿನ ಟೆಕ್ ಪಾರ್ಕ್‌ಗಳ ನಡುವೆ ಯಾರೋ ಮರೆತುಹೋದ ಬೆಂಕಿಪೊಟ್ಟಣದ ಹಾಗೆ ಕೂತಿದೆ. ಅವರದು ನನ್ನ ಎದುರು ಫ್ಲ್ಯಾಟ್. ರಾಯಚೂರಿನ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್ ಆಗಿ ಸೇರಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಕಟ್ಟಡಕ್ಕೆಲ್ಲ ಅವರು ಎಕ್ಸ್‌ಚೇಂಜ್ ಅಕ್ಕ. ನಾನು ವಾಚ್‌ಮನ್‌ನನ್ನು "ಎಕ್ಸ್‌ಕ್ಯೂಸ್ ಮಿ" ಎಂದು ಕರೆದದ್ದನ್ನು ನೋಡಿದ ದಿನದಿಂದ ಅವರಿಗೆ ನಾನು 'ಕಾನ್ವೆಂಟ್'. ನನ್ನ ಹೆಸರನ್ನು ಅವರು ಒಮ್ಮೆಯೂ ಬಳಸಿದ್ದಿಲ್ಲ.

ಅನುಮಾನ ಅವರ ಫುಲ್ ಟೈಮ್ ಜಾಬ್. ಹಾಲಿನ ಪ್ಯಾಕೆಟ್ಟನ್ನು ಅಂಗೈಯಲ್ಲಿ ತೂಗಿ ನೋಡದೆ ಒಳಗೆ ಒಯ್ಯುತ್ತಿರಲಿಲ್ಲ. ಲಿಫ್ಟಿನ ಕನ್ನಡಿಯ ಹಿಂದೆ ಏನಿದೆಯೆಂದು ಬೆರಳಲ್ಲಿ ತಟ್ಟಿ ನೋಡುತ್ತಿದ್ದರು. ನೀವು ಮಾತಾಡುವಾಗ ಅವರ ದೃಷ್ಟಿ ನಿಮ್ಮ ಕಣ್ಣಿನ ಮೇಲೆ ಇರುತ್ತಿರಲಿಲ್ಲ, ತುಟಿಯ ಮೇಲೆ ನೆಟ್ಟಿರುತ್ತಿತ್ತು. ಸುಳ್ಳು ಹೊರಗೆ ಬರುವ ಜಾಗವನ್ನೇ ಕಾಯುತ್ತಾರೇನೋ ಅನ್ನಿಸಿ ಮಾತು ತಡವರಿಸುತ್ತಿತ್ತು. ನಾಲ್ಕು ಜನ ಮೆಟ್ಟಿಲ ಹತ್ತಿರ ನಿಂತು ಮಾತಾಡುತ್ತಿದ್ದರೆ ಸಾಕು, ತಮ್ಮ ವಿಷಯವೇ ಇರಬೇಕು ಎನ್ನುತ್ತಿದ್ದರು. ಇಷ್ಟೊಂದು ಸಂಶಯ ಯಾಕೆ ಅಂತ ಒಮ್ಮೆ ಕೇಳಿದ್ದೆ. ಅವರ ಉತ್ತರ ನನ್ನಲ್ಲಿ ಇವತ್ತಿಗೂ ಉಳಿದಿದೆ. "ಒಂದು ಊರಿನ ಮಾತೆಲ್ಲಾ ನನ್ನ ಕಿವಿಯಾಗ ಹಾದು ಹೋಗೇತ್ರಿ. ಒದರಾಡೋರಿಂದ ಏನೂ ಆಗೂದಿಲ್ಲ. ಕೇಡು ಮಾಡೋರು ಮೆಲ್ಲಕ ಮಾತಾಡ್ತಾರ."

ಗೋಡೆಗೆ ಕಿವಿ ಇಡದೆ ಕೈ ಯಾಕೆ ಇಟ್ಟರು ಎಂದು ನಾನು ಆ ದಿನ ಯೋಚಿಸಲಿಲ್ಲ. ಸದ್ದು ಬರುತ್ತಿದ್ದದ್ದು ಅವರ ಮೇಲಿನ ಫ್ಲ್ಯಾಟ್‌ನಿಂದ. ಹೊಸ ಬಾಡಿಗೆಯವರು, ಇಬ್ಬರು ಹುಡುಗಿಯರು. ಅವರ ಹತ್ತಿರ ಬಂದುಹೋಗುವ ಹುಡುಗರು ಕಪ್ಪು ಬಟ್ಟೆ ಹಾಕಿ, ಉದ್ದನೆಯ ಕಪ್ಪು ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಡಿಸೆಂಟ್ ಜನ ಅಂತ ನನಗೂ ಅನ್ನಿಸಿರಲಿಲ್ಲ. ಎಕ್ಸ್‌ಚೇಂಜ್ ಅಕ್ಕನ ಪ್ರಕಾರ ಮೇಲೆ ಏನೋ ಒಂದು ಮಷೀನ್ ನಡೆಯುತ್ತಿತ್ತು. ಸಾಕ್ಷಿಗೆ ಅಂತ ನನ್ನನ್ನೂ ಎಳೆದುಕೊಂಡು ಹೋದರು.

ಬಾಗಿಲು ತೆಗೆದವಳು ಆನೇಕಲ್ಲಿನ ಹುಡುಗಿ, ಎಲೆಕ್ಟ್ರಾನಿಕ್ ಸಿಟಿಯ ಕೆಲಸ ಬಿಟ್ಟು ಈ ಕಡೆ ಬಂದವಳು. ತಲೆಯ ಒಂದು ಪಕ್ಕ ಬೋಳು. ಕೊರಳಿಗೆ ದಪ್ಪ ತಂತಿಗಳ ಉದ್ದನೆಯ ಗಿಟಾರ್ ನೇತುಬಿದ್ದಿತ್ತು. ನಾವು ಪಂಕ್ ನುಡಿಸ್ತೀವಿ ಅಂದಳು.

"ಪಂಕಾ?" ಅಕ್ಕ ಸೀಲಿಂಗ್ ನೋಡಿದರು. ಅವರ ಕಡೆ ಪಂಕಾ ಅಂದರೆ ಫ್ಯಾನು. "ಫ್ಯಾನ್ ರಿಪೇರಿಗೆ ಇಷ್ಟು ಗದ್ದಲ ಬೇಕೇನು?"

ಹುಡುಗಿ ನಗು ತಡೆದುಕೊಂಡು, ಬ್ಯಾಂಡು ಆಂಟಿ, ಅವನು ಡ್ರಮ್ಸು, ಇವಳು ಹಾಡ್ತಾಳೆ ಎಂದು ಒಳಗಿದ್ದವರನ್ನು ತೋರಿಸಿ, ಕೊನೆಗೆ ತನ್ನ ಎದೆ ಮುಟ್ಟಿಕೊಂಡು ಅಂದಳು: "ನಾನು ಬೇಸ್."

ಅವಳು ಹೇಳಿದ್ದು ಕೊರಳಿನ ಗಿಟಾರ್ ವಿಷಯ, ಆ ಧುಂ ಧುಂ ಮಂದ್ರಸ್ವರ ಹೊರಡಿಸುವುದು. ರಾಯಚೂರಿನವರಿಗೆ ಬೇಸ್ ಅಂದರೆ ಚೆನ್ನ. ಊಟ ಬೇಸ್, ಮಳೆ ಬೇಸ್, ಸಂಬಂಧ ಬೇಸ್. ಎಕ್ಸ್‌ಚೇಂಜ್ ಅಕ್ಕ ಹುಡುಗಿಯನ್ನು ಬೋಳು ತಲೆಯಿಂದ ಹರಿದ ಪ್ಯಾಂಟಿನವರೆಗೂ ನೋಡಿದರು.

"ನಿನಗ ನೀನ ಸರ್ಟಿಫಿಕೇಟ್ ಕೊಟ್ಕೊಂಡ್ರ ಹೆಂಗ ತಂಗಿ? ಬೇಸ್ ಅದೀಯೋ ಇಲ್ಲೋ ನೋಡಾಕ ನಾವು ಬಂದೀವಿ."

ಹಾಗಿದ್ರೆ ಮುಂದಿನ ಭಾನುವಾರ ಮಧ್ಯಾಹ್ನ ನಮ್ಮ ಶೋ ಇದೆ, ಬಂದು ನೀವೇ ಮಾರ್ಕ್ಸ್ ಕೊಡಿ ಎಂದಳು ಆಕೆ. ಕರೀತಾಳ ಅಂದ್ರ ಏನೋ ಐತಿ ಎಂದು ಅಕ್ಕ ಇಳಿಯುವಾಗ ಗೊಣಗಿದರು. ಆದರೆ ಭಾನುವಾರ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ನನಗಿಂತ ಮೊದಲೇ ಗೇಟಿನಲ್ಲಿ ನಿಂತಿದ್ದರು.

ವೈಟ್‌ಫೀಲ್ಡ್ ಕಡೆಯ ಹಳೆಯ ಪ್ಯಾಕಿಂಗ್ ಶೆಡ್ ಅದು. ತಗಡಿನ ಸೂರು, ಒಳಗೆಲ್ಲ ಬೆವರಿನ ವಾಸನೆ, ಜಾಕೆಟ್ಟಿನ ತುಂಬ ಸೇಫ್ಟಿ ಪಿನ್ ಚುಚ್ಚಿಕೊಂಡ ಹುಡುಗ ಹುಡುಗಿಯರು. ಗುಂಡಿ ಹಚ್ಚಾಕ ಬರೂದಿಲ್ಲೇನು ಇವರಿಗೆ ಎಂದು ಅಕ್ಕ ನನ್ನನ್ನು ಕೇಳಿದರು. ಹಾಡು ಶುರುವಾಯಿತು. ಹಾಡು ಅನ್ನಬೇಕೋ ಬೇಡವೋ, ನಾನು ಕಲಿತ ಕಾನ್ವೆಂಟಿನ ಸಿಸ್ಟರ್ ಕೇಳಿದ್ದರೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ಹುಡುಗರು ಒಬ್ಬರ ಮೇಲೊಬ್ಬರು ನುಗ್ಗುತ್ತಿದ್ದರು. ಒಬ್ಬ ಬಿದ್ದರೆ ಸುತ್ತಲಿದ್ದವರೆಲ್ಲ ಬಾಗಿ ಎತ್ತುತ್ತಿದ್ದರು. ಎತ್ತುವಾಗ ಜೇಬಿಗೆ ಕೈ ಹಾಕುತ್ತಾರಾ ಎಂದು ಅಕ್ಕ ಕಣ್ಣಿಟ್ಟು ನೋಡಿದರಂತೆ. ಯಾರೂ ಹಾಕಲಿಲ್ಲ. ಅದು ಅವರಿಗೆ ಇನ್ನೂ ದೊಡ್ಡ ಅನುಮಾನ.

ಆಮೇಲೆ ಅವರು ಪಕ್ಕದ ದೊಡ್ಡ ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಟೇಪು ಹಾಕಿ ಸುಮ್ಮನೆ ಬೆರಳಾಡಿಸುತ್ತಿದ್ದಾಳೋ ಏನೋ ಎಂಬ ತನಿಖೆ. ಹುಡುಗಿಯ ಬೆರಳು ನಿಂತಾಗ ಪೆಟ್ಟಿಗೆಯೂ ನಿಂತಿತು. ಬೆರಳು ಆಡಿದಾಗ ಪೆಟ್ಟಿಗೆ ಗುಡುಗಿತು. ಅಕ್ಕನ ಮುಖದಲ್ಲಿ ಗಂಟಿಕ್ಕಿದ್ದ ಹುಬ್ಬು ಮೆಲ್ಲಗೆ ಸಡಿಲಾದದ್ದನ್ನು ನಾನು ನೋಡಿದೆ. ಅಷ್ಟು ವರ್ಷದ ಪರಿಚಯದಲ್ಲಿ ಅವರು ಏನನ್ನಾದರೂ ನಂಬಿದ್ದನ್ನು ನೋಡಿದ್ದು ಅದೇ ಮೊದಲು. "ಬೇಸ್," ಎಂದರು, ಯಾರಿಗೂ ಅಲ್ಲದ ಹಾಗೆ.

ಎರಡು ಹಾಡುಗಳ ನಡುವೆ ಶೆಡ್ ಶಾಂತವಾಗಿದ್ದಾಗ ಯಾರೋ ಹಿಂದಿನಿಂದ, "ಅಜ್ಜಿ, ನೀರು ಬೇಕಾ?" ಎಂದರು. ಮತ್ತೆ ಮತ್ತೆ ಕೇಳಿದರು. ಅಕ್ಕ ತಿರುಗಲಿಲ್ಲ. ಅವರ ಅನುಮಾನ ಮುಗಿದ ಜಾಗದಲ್ಲಿ ನನ್ನದು ಹುಟ್ಟಿಕೊಂಡಿತು.

ಅದು ಖಾತ್ರಿಯಾದದ್ದು ಅವರ ಅಡುಗೆಮನೆಯಲ್ಲಿ. ನನ್ನ ಮುಖ ನೋಡುತ್ತ ಮಾತಾಡುತ್ತಿದ್ದರು. ಬೆನ್ನ ಹಿಂದೆ ಕುಕ್ಕರ್ ಸೀಟಿ ಮೇಲೆ ಸೀಟಿ ಹಾಕುತ್ತಿತ್ತು. ಬೇಳೆ ಸೀದ ವಾಸನೆ ಬಂದರೂ ಅವರು ಕದಲಲಿಲ್ಲ. ನಾನೇ ಎದ್ದು ಒಲೆ ಆರಿಸಿದೆ. ತಿರುಗಿದಾಗ ಅವರು ಸೆರಗಿನ ತುದಿ ಹಿಡಿದು ನನ್ನ ತುಟಿಯನ್ನೇ ನೋಡುತ್ತಿದ್ದರು. ಸಣ್ಣ ಸದ್ದುಗಳು ಒಂದೊಂದಾಗಿ ಕಿವಿಯನ್ನು ಬಿಟ್ಟು ಹೋಗಿದ್ದವಂತೆ. ಮೊದಲು ಗುಬ್ಬಿ, ಆಮೇಲೆ ಕಾಲಿಂಗ್ ಬೆಲ್, ಕೊನೆಗೆ ಜನ.

"ಯಾರಿಗೂ ಹೇಳಬ್ಯಾಡ್ರಿ," ಎಂದರು. "ನಮ್ಮ ಹುಡುಗಿಗೆ ಗೊತ್ತಾದ್ರ ಈ ಮನಿ ಬಿಡಸ್ತಾಳ. ಕೀಲಿ ನನ್ನ ಕೈಯಾಗ ಇರೂತನಕ ಅಷ್ಟ ನಾನು ನಾನು."

ಹುಡುಗಿ ಅಂದರೆ ಅವರ ತಂಗಿಯ ಮಗಳು. ತುಮಕೂರು ರಸ್ತೆಯ ಮಾದನಾಯಕನಹಳ್ಳಿಯಲ್ಲಿ ಮನೆ. ಆಗಾಗ ಜೋಳದ ರೊಟ್ಟಿ ಕಟ್ಟಿಕೊಂಡು ಬಂದು, ಗ್ಯಾಸ್ ಸರಿಯಾಗಿ ಆರಿಸಿದೆಯೇ ಎಂದು ನೋಡಿ, ಒಬ್ಬರೇ ಇರಬೇಡಿ ದೊಡ್ಡಮ್ಮ ಎಂದು ಹೇಳಿ ಹೋಗುತ್ತಿದ್ದವಳು. ನಾನು ಯಾರಿಗೂ ಹೇಳಲಿಲ್ಲ.

ಆಮೇಲೆ ನಾವು ಶೋಗಳನ್ನು ತಪ್ಪಿಸಲೇ ಇಲ್ಲ. ನನ್ನ ಫೇವರಿಟ್ ಬೇರೆ ಬ್ಯಾಂಡಿನಲ್ಲಿ ಬೇಸ್ ನುಡಿಸುವ ಹುಡುಗ, ಪೀಣ್ಯದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬರುವ ಸಣಕಲು ಆಸಾಮಿ. ಕಣ್ಣು ಮುಚ್ಚಿಕೊಂಡು, ಒಂದು ಸ್ವರ ಮೀಟಿ, ಅದು ತಗಡಿಗೆ ಬಡಿದು ವಾಪಸ್ ಬರುವವರೆಗೆ ಕಾಯುತ್ತಿದ್ದ. ನಮ್ಮ ಚಾಪೆಲ್ಲಿನಲ್ಲಿ ಆರ್ಗನ್ ನುಡಿಸುತ್ತಿದ್ದ ಸಿಸ್ಟರ್ ಕಾಲಿನಲ್ಲಿ ಒತ್ತುತ್ತಿದ್ದ ಆ ಮಂದ್ರಸ್ವರ ನನಗೆ ನೆನಪಾಗುತ್ತಿತ್ತು. ಅಕ್ಕನಿಗೆ ಅವನು ಸೇರಲಿಲ್ಲ. "ಕಣ್ಣು ಯಾಕ ಮುಚ್ಚತಾನ? ಏನು ಮುಚ್ಚಿಡತಾನ?" ಅವರಿಗೆ ಆನೇಕಲ್ಲಿನ ಹುಡುಗಿಯೇ. ಅವಳು ಕಣ್ಣು ಬಿಟ್ಟು, ಹಲ್ಲು ಕಚ್ಚಿ, ಎಲ್ಲರ ಎದುರಿಗೇ ಬಡಿಯುತ್ತಾಳೆ ಎಂದು ವಾದ. ಆಟೋದಲ್ಲಿ ಮನೆ ತಲುಪುವವರೆಗೂ ಜಗಳ ಆಡುತ್ತಿದ್ದೆವು, ಡ್ರೈವರ್ ಹಿಂದೆ ತಿರುಗಿ ನೋಡುವಷ್ಟು.

ಶೋ ಮುಗಿದ ಮೇಲೆ ಶೆಡ್ಡಿನ ಕಟ್ಟೆಯ ಮೇಲೆ ಕೂತು ಟೀ ಕುಡಿಯುವುದು ಅಲ್ಲಿಯ ಪದ್ಧತಿ. ಒಬ್ಬ ತನ್ನ ಮೊದಲ ಶೋನಲ್ಲಿ ಕನ್ನಡಕ ಕಳಕೊಂಡ ಕತೆ ಹೇಳಿದ. ಇನ್ನೊಬ್ಬಳು ಬೇಸ್ ಕಿವಿಯಲ್ಲಿ ಅಲ್ಲ, ಚೆಸ್ಟ್‌ನಲ್ಲಿ ಕೇಳುತ್ತೆ ಅಂದಳು. ಎಲ್ಲರೂ ಹೌದು ಹೌದು ಅಂದರು. ನೀವೂ ಫ್ಯಾನಾ ಅಜ್ಜಿ ಎಂದು ಹುಡುಗಿ ಅಕ್ಕನ ಎದುರಿಗೆ ಬಂದು ಕೇಳಿದಳು.

"ಹೌದ ತಂಗಿ, ನಾನೂ ಪಂಕಾ." ಕಟ್ಟೆಯೆಲ್ಲ ನಕ್ಕಿತು. ಅಕ್ಕ ಎದೆಯ ಮೂಳೆಯ ಮೇಲೆ ಕೈ ಇಟ್ಟುಕೊಂಡರು. "ನನಗೂ ಇಲ್ಲೇ ಕೇಳಸ್ತೈತಿ."

ಸೇಮ್ ಸೇಮ್, ಎಂದರು ಅವರೆಲ್ಲ. ನಾನೊಬ್ಬಳು ಟೀ ಲೋಟದೊಳಗೆ ನೋಡುತ್ತ ಕೂತಿದ್ದೆ.

ಕೆಲವು ತಿಂಗಳ ಮೇಲೆ ಆ ಬಾಡಿಗೆಯವರನ್ನು ಖಾಲಿ ಮಾಡಿಸಬೇಕೆಂದು ಅಸೋಸಿಯೇಷನ್ ಮೀಟಿಂಗ್ ಕರೆದರು. ಪಾರ್ಕಿಂಗ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಆನೇಕಲ್ಲಿನ ಹುಡುಗಿ ಕಂಬಕ್ಕೆ ಒರಗಿ ಉಗುರು ಕಚ್ಚುತ್ತಿದ್ದಳು. ಅಂದು ಭಾನುವಾರವಾದ್ದರಿಂದ ಅಕ್ಕನ ತಂಗಿಯ ಮಗಳೂ ರೊಟ್ಟಿಯ ಚೀಲ ಹಿಡಿದು ಹಿಂದೆ ನಿಂತಿದ್ದಳು. ಪ್ರೆಸಿಡೆಂಟ್ ಬಹಳ ಸಾಫ್ಟ್ ಆಗಿ ಮಾತಾಡುವ ಮನುಷ್ಯ. ಆ ಹುಡುಗಿಯರ ಮನೆಯ ಸರಿಯಾಗಿ ಕೆಳಗಿರುವುದು ಅಕ್ಕನ ಮನೆ, ಅಕ್ಕ ಕಂಪ್ಲೇಂಟ್ ಕೊಟ್ಟರೆ ಸಾಕು, ಉಳಿದದ್ದು ನಾವು ನೋಡ್ಕೋತೀವಿ ಎಂದರು. ಎಲ್ಲರೂ ಅಕ್ಕನ ಕಡೆ ತಿರುಗಿದರು. ಈ ಕಟ್ಟಡದಲ್ಲಿ ಅವರು ದೂರು ಕೊಡದ ವಿಷಯವೇ ಇರಲಿಲ್ಲವಲ್ಲ.

ಅಕ್ಕ ನನ್ನ ತುಟಿ ನೋಡಿದರು. ಪ್ರೆಸಿಡೆಂಟ್ ಕೇಳಿದ್ದನ್ನು ನಾನು ಸದ್ದಿಲ್ಲದೆ ತುಟಿಯಲ್ಲೇ ಹೇಳಿದೆ. ಕಂಪ್ಲೇಂಟ್ ಇಲ್ಲ ಎಂದು ಅವರು ತಲೆಯಾಡಿಸಿದರು.

"ಏನಕ್ಕಾ, ಹಾಲಿನ ಪ್ಯಾಕೆಟ್ ತೂಗೋರು ನೀವು," ಎಂದು ಪ್ರೆಸಿಡೆಂಟ್ ನಕ್ಕರು. "ನಿಮ್ಮ ತಲೆ ಮೇಲೇ ಬಡೀತಾರೆ. ಒಂಚೂರೂ ಕೇಳ್ಸಲ್ವಾ ನಿಮ್ಗೆ?"

ಇದನ್ನು ನಾನು ತುಟಿಯಲ್ಲಿ ಹೇಳಲಿಲ್ಲ. ಅವರು ಪ್ರೆಸಿಡೆಂಟರ ಬಾಯಲ್ಲೇ ಓದಿಕೊಂಡರು. ಹಿಂದೆ ನಿಂತ ತಂಗಿಯ ಮಗಳನ್ನು ಒಮ್ಮೆ ನೋಡಿದರು, ಕಂಬದ ಹತ್ತಿರದ ಹುಡುಗಿಯನ್ನು ಒಮ್ಮೆ. ಆಮೇಲೆ ಎದ್ದು ನಿಂತರು.

"ಅದೊಂದ ಕೇಳಸ್ತೈತ್ರಿ ನನಗ. ನೀವು ಯಾರೂ ಕೇಳಸೂದಿಲ್ಲ. ಅದನ್ನೂ ಬಂದ್ ಮಾಡಬ್ಯಾಡ್ರಿ."

ರೊಟ್ಟಿಯ ಚೀಲ ಒಂದು ಕೈಯಿಂದ ಇನ್ನೊಂದು ಕೈಗೆ ಹೋದದ್ದನ್ನು ನಾನು ನೋಡಿದೆ.

ಬ್ಯಾಂಡು ಉಳಿಯಿತು, ಭಾನುವಾರ ಬೆಳಿಗ್ಗೆ ಮಾತ್ರ ಎಂಬ ಕರಾರಿನ ಮೇಲೆ. ಅಕ್ಕ ಉಳಿಯಲಿಲ್ಲ. ತಂಗಿಯ ಮಗಳು ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಒಳ್ಳೆಯವಳು, ದೊಡ್ಡಮ್ಮನನ್ನು ಕೈಬಿಡಲಿಲ್ಲ ಎಂದು ಎಲ್ಲರೂ ಅಂದರು. ಎಷ್ಟು ಮೆಲ್ಲಗೆ ಮಾತಾಡುತ್ತಾಳೆ, ಎಷ್ಟು ನಯ. ಆದರೆ ಸಾಮಾನು ಸಾಗಿಸಿದ ವಾರವೇ ಯಾರೋ ದಂಪತಿ ಅಕ್ಕನ ಫ್ಲ್ಯಾಟನ್ನು ಕೊಳ್ಳಲೆಂದು ನೋಡಲು ಬಂದರು. ನಾನು ಎಕ್ಸ್‌ಚೇಂಜ್ ಅಕ್ಕನ ಹತ್ತಿರ ಟ್ರೇನಿಂಗ್ ಆದವಳು, ಮೆಲ್ಲನೆಯ ಮಾತನ್ನು ನಂಬುವುದನ್ನು ಬಿಟ್ಟಿದ್ದೇನೆ. ಅವರಿಂದ ನನಗೆ ದಕ್ಕಿದ್ದರಲ್ಲಿ ಅದೂ ಒಂದು.

ಕೊನೆಯ ಸಲ ಅವರನ್ನು ನೋಡಿದ್ದು ಮಾದನಾಯಕನಹಳ್ಳಿಯಲ್ಲಿ. ಆನೇಕಲ್ಲಿನ ಹುಡುಗಿಯೇ ನನ್ನನ್ನು ಕರೆದುಕೊಂಡು ಹೋದಳು. ಗೋಡೌನುಗಳ ಹಿಂದಿನ ಹೊಸ ಮನೆ, ಅಚ್ಚುಕಟ್ಟಾದ ರೂಮು, ಬಿಳಿ ಹಾಸಿಗೆ. ಕಿವಿಯ ಮಷೀನ್ ಟೇಬಲ್ ಮೇಲೆ ಡಬ್ಬಿಯಲ್ಲಿತ್ತು. ಹಾಕಿಕೊಳ್ಳುವುದಿಲ್ಲ, ಅದು ಯಾರಿಗೋ ಸುದ್ದಿ ಕೊಡುತ್ತೆ ಅಂತಾರೆ ಎಂದು ತಂಗಿಯ ಮಗಳು ನಮಗೆ ಮೆಲ್ಲಗೆ ಹೇಳಿ ಒಳಗೆ ಹೋದಳು. ಅಕ್ಕ ಇಳಿದುಹೋಗಿದ್ದರು. ವಾಚು ಮಣಿಕಟ್ಟಿನಲ್ಲಿ ಸುತ್ತು ತಿರುಗುತ್ತಿತ್ತು.

ಹೊರಗೆ ಲೋಡ್ ತುಂಬಿದ ಲಾರಿಯೊಂದು ಹೋಯಿತು. ಗೋಡೆ ಸಣ್ಣಗೆ ನಡುಗಿರಬೇಕು. ಅಕ್ಕ ತಟ್ಟನೆ ಅದಕ್ಕೆ ಅಂಗೈ ಒತ್ತಿ, ಕಣ್ಣು ಕಿರಿದು ಮಾಡಿ ಕಾದರು. ಆಮೇಲೆ ಕೈ ತೆಗೆದು ಹುಡುಗಿಯ ಬೆರಳುಗಳನ್ನು ಹಿಡಿದು, ತಂತಿ ಉಜ್ಜಿ ಗಟ್ಟಿಯಾದ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಲಾರಿ," ಎಂದರು ಅವಳಿಗೆ. "ನೀ ಅಲ್ಲ."

ಹೊರಡುವಾಗ ನಾನು ಬಾಗಿ, ತುಟಿ ಕಾಣುವ ಹಾಗೆ, ಹೇಗಿದ್ದೀರಿ ಎಂದು ಕೇಳಿದೆ. ಅವರು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಹತ್ತಿರಕ್ಕೆ ಬಂದರು.

"ಇಲ್ಲಿ ಬೇಸ್ ಇಲ್ರಿ, ಕಾನ್ವೆಂಟ್."